ಹಿರಿಯರ ಕೈಗಡಿಯಾರ
ಬಾಲಾನಗರದ ಕನ್ನಡ ಕ್ರೈಸ್ತ ಸಭೆಯ ಹಿರಿಯ ಶಾಂತಕುಮಾರರು ಆರಾಧನೆಯ ಹೊತ್ತಿನಲ್ಲಿ ದೇವರಿಗಿಂತ ಹೆಚ್ಚು ತಮ್ಮ ಕೈಗಡಿಯಾರವನ್ನೇ ನೋಡುವವರು. ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ದಪ್ಪ ಬೈಬಲ್, ಬಾಯಲ್ಲಿ ಅದೇ ಮಾತು: "ತೊದಲೋ ಮೋಶೆನ್ನೇ ದೇವರು ನಾಯಕನ್ನ ಮಾಡ್ದ! ಅಂಜಿ ಅಡಗಿ ಕುಂತು ಗೋಧಿ ಬಡಿಯೋ ಗಿದ್ಯೋನನ್ನೇ ಎಬ್ಬಿಸ್ದ! ಅಂವ ಮಾರಿ ನೋಡಂಗಿಲ್ರೀ!" ಆಮೆನ್ ಸಣ್ಣಗೆ ಕೇಳಿಸಿದರೆ ಅಷ್ಟನ್ನೂ ಮತ್ತೊಮ್ಮೆ ಹೇಳುತ್ತಾರೆ. ಆದರೆ ಗಾರೆ ಕೆಲಸದ ಮಾಣಿಕಪ್ಪ ಪ್ರಾರ್ಥನೆಗೆ ಎದ್ದು "ಕ... ಕ... ಕರ್ತನೇ" ಎನ್ನುವಷ್ಟರಲ್ಲಿ ಅವರ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. "ಕೂಡಪ್ಪಾ, ಸಾಕು. ಇನ್ನ ಈ ಹಾಲ್‌ನ್ಯಾಗ ತೆಲುಗಿನವ್ರ ಆರಾಧನಿ ಟೈಮಾತು," ಎಂದು ತಾವೇ ಆಮೆನ್ ಹೇಳಿ ಮುಗಿಸುತ್ತಾರೆ. ಮೂರು ವಾರ ಹೀಗೇ ಕೂತ ಮಾಣಿಕಪ್ಪ ನಾಲ್ಕನೇ ವಾರ ಬಾಗಿಲಲ್ಲೇ, ಚಾಪೆ ಹಾಸುವ ಮುದುಕಿ ರತ್ನಮ್ಮನಿಗೆ, "ಇವತ್ತೂ ಕೂಡಿಸಿದ್ರ ಮ... ಮತ್ತ ಬರಂಗಿಲ್ಲವ್ವಾ," ಎಂದ. ರತ್ನಮ್ಮನ ಮೈ ಉರಿಯಿತು. ಮೂವತ್ತು ವರ್ಷದ ಹಿಂದೆ ಬೀದರಿನಿಂದ ಬಂದ ಶಾಂತಕುಮಾರರೂ ಇದೇ ಸಭೆಯಲ್ಲಿ ಪ್ರಾರ್ಥನೆಗೆ ನಿಂತು ತೊದಲಿದ್ದರು. ಅವರ ಬಾಯಿಂದ ಒಂದು ಪ್ರಾರ್ಥನೆ ಹೊರಡುವ ತನಕ ಇಡೀ ಸಭೆ ಕಣ್ಣು ಮುಚ್ಚಿ ಕಾದಿತ್ತು. ಆ ದಿನ ಮಾಣಿಕಪ್ಪ ಎದ್ದ, ಹಿರಿಯರು ಗಡಿಯಾರ ನೋಡಿದರು, ರತ್ನಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. "ಶಾಂತೂ, ನಿನಗ ಕಾದ ಸಭಿ ಇದು. ಗಡಿಯಾರ ಬಿಚ್ಚಿಡು, ಕಣ್ಣು ಮುಚ್ಚು."