ಉಲ್ಟಾ ಹೊಡೆದ ಜೀವಕೋಶಗಳು

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಸೂಜಿ ಅಕ್ಕ. ಗಾಜಿನ ನಳಿಕೆಯನ್ನು ಕಾಯಿಸಿ, ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ತುದಿ ಮಾಡಿ, ಅದನ್ನು ಒಂದೇ ಒಂದು ನರಕೋಶಕ್ಕೆ ಅಂಟಿಸುವುದರಲ್ಲಿ ಅವಳದು ಪಳಗಿದ ಕೈ. ಕೋಶದ ಪೊರೆಯಲ್ಲಿರುವ ಕ್ಯಾಲ್ಸಿಯಂ ಚಾನಲ್ಲುಗಳೆಂಬ ಪುಟ್ಟ ಬಾಗಿಲುಗಳು ತೆರೆದಾಗ ಒಳನುಗ್ಗುವ ವಿದ್ಯುತ್ ಪ್ರವಾಹ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ನೆಲಮಾಳಿಗೆಯ ಆ ಕೋಣೆಯಲ್ಲಿ ಯಾರಾದರೂ ಬಾಗಿಲನ್ನು ದಢಾರನೆ ಹಾಕಿದರೆ ಸಾಕು, ಕೋಶ ಹರಿದು ಬೆಳಗಿನ ಶ್ರಮವೆಲ್ಲ ನೀರುಪಾಲು. ಅವಳ ಬಾಯಿಗೆ ಹೆದರಿ ವಿಭಾಗದವರೆಲ್ಲ ಬೆಕ್ಕಿನ ಹೆಜ್ಜೆ ಇಡುತ್ತಿದ್ದರು.

ಮನೆಯಲ್ಲಿ ಅಮ್ಮ ನರನೋವಿನಿಂದ ಕಾಲು ನೀವಿಕೊಳ್ಳುತ್ತ ಗೊಣಗುತ್ತಿದ್ದಳು: "ಕಣ್ಣಿಗೆ ಕಾಣದ್ದಕ್ಕೆ ಅಷ್ಟು ಸೇವೆ ಮಾಡ್ತೀಯ. ಈ ಕಾಲಿಗೇನಾದ್ರೂ ಮಾಡೇ!"

"ಅದರದ್ದೇ ಬೆನ್ನು ಹತ್ತಿದ್ದೀನಮ್ಮ," ಎನ್ನುತ್ತಿದ್ದಳು ಮಗಳು.

ಸುಳ್ಳಲ್ಲ. ನರಗಳು ಒಂದರೊಡನೊಂದು ಮಾತಾಡಲು ಸ್ರವಿಸುವ ಪುಟ್ಟ ಪ್ರೋಟೀನು ತುಣುಕುಗಳಿಗೆ ನ್ಯೂರೋಪೆಪ್ಟೈಡ್ ಎಂದು ಹೆಸರು. ಅವರ ಪ್ರಯೋಗಾಲಯ ಅಭ್ಯಾಸ ಮಾಡುತ್ತಿದ್ದ ಪೆಪ್ಟೈಡು ಕ್ಯಾಲ್ಸಿಯಂ ಚಾನಲ್ಲುಗಳನ್ನು ಹತ್ತಿಕ್ಕುತ್ತದೆ, ಕ್ಯಾಲ್ಸಿಯಂ ಕಡಿಮೆಯಾದರೆ ನೋವಿನ ಸುದ್ದಿ ಮುಂದಿನ ನರಕ್ಕೆ ದಾಟುವುದಿಲ್ಲ ಎಂಬುದು ಮುಖ್ಯಸ್ಥರ ಜೀವಮಾನದ ವಾದ. ಅವಳ ಬಹುಪಾಲು ಕೋಶಗಳು ಹಾಗೆಯೇ ನಡೆದುಕೊಂಡವು. ಆದರೆ ಕೆಲವು ಉಲ್ಟಾ ಹೊಡೆದವು. ಪೆಪ್ಟೈಡು ಬಿದ್ದ ಕೂಡಲೇ ಪ್ರವಾಹ ತಗ್ಗುವ ಬದಲು ಹೆಚ್ಚಿತು.

"ಅವು ಕೆಟ್ಟ ಕೋಶಗಳು. ತೆಗೆದುಹಾಕಿಬಿಡಮ್ಮ," ಎಂದರು ಮುಖ್ಯಸ್ಥರು.

"ಕೆಟ್ಟಿಲ್ಲ ಸರ್. ಪೆಪ್ಟೈಡು ತೊಳೆದ್ರೆ ಮೊದಲಿನ ಹಾಗೇ ಆಗ್ತವೆ. ಮತ್ತೆ ಹಾಕಿದ್ರೆ ಮತ್ತೆ ಹೆಚ್ಚುತ್ತೆ. ಕೆಟ್ಟಿದ್ದು ಹಾಗೆ ಮಾಡುತ್ತಾ?"

"ಲೇಖನದಲ್ಲಿ ಒಂದೇ ಮಾತು ಇರಬೇಕು. ಹೀಗೂ ಆಗುತ್ತೆ, ಹಾಗೂ ಆಗುತ್ತೆ ಅಂತ ಬರೆದ್ರೆ ಯಾರು ಅಚ್ಚು ಹಾಕ್ತಾರೆ?"

"ಹಾಗಾದ್ರೆ ನನ್ನ ಹೆಸರನ್ನೂ ತೆಗೆದುಹಾಕಿ."

ಅವಳು ಮುನಿಸಿನಲ್ಲಿ ಹೇಳಿದ್ದಲ್ಲ. ಅವರೂ ನಿಜಕ್ಕೂ ತೆಗೆದೇಬಿಟ್ಟರು. ಲೇಖನ ಅಚ್ಚಾಯಿತು, ಚಪ್ಪಾಳೆ ಬಿತ್ತು, ಸೂಜಿ ಅಕ್ಕನನ್ನು ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕ ತೋರಿಸುವ ಕೆಲಸಕ್ಕೆ ಹಾಕಿದರು. "ನೀರಲ್ಲಿದ್ದು ಮೊಸಳೆ ಜೊತೆ ವೈರ ಯಾಕೆ ಬೇಕಿತ್ತು?" ಎಂದು ಪಕ್ಕದ ಕೋಣೆಯ ಗೆಳತಿ ಬೈದಳು. ಬೈದವಳೇ ತನ್ನ ಉಪಕರಣ ಖಾಲಿ ಇದ್ದಾಗಲೆಲ್ಲ ತನ್ನ ಕೋಣೆಯ ಕೀಲಿಕೈಯನ್ನು ಇವಳ ಮೇಜಿನ ಮೇಲಿಟ್ಟು ಹೋಗತೊಡಗಿದಳು.

ಸೂಜಿ ಅಕ್ಕ ಜಗ್ಗಲಿಲ್ಲ. ಕೋಶದ ಮೇಲೆ ಪೆಪ್ಟೈಡು ಬಂದು ಕೂರುವ ಗ್ರಾಹಕ, ಅಂದರೆ ರಿಸೆಪ್ಟರ್, ಒಂದೇ ಬಗೆಯದೆಂದು ಎಲ್ಲರೂ ನಂಬಿದ್ದರು. ಎರಡು ಬಗೆ ಇದ್ದರೆ? ಪ್ರವಾಹ ಹೆಚ್ಚಿಸುವ ಬಗೆಯದನ್ನು ಮಾತ್ರ ಮುಚ್ಚೀತೆಂದು ಊಹಿಸಿ ಒಂದು ರಾಸಾಯನಿಕ ತರಿಸಿದಳು. ಎಷ್ಟೋ ಕೋಶಗಳು ಹರಿದುಹೋದ ಮೇಲೆ ಒಂದು ಮಧ್ಯಾಹ್ನ ಉಲ್ಟಾ ಜಾತಿಯದೊಂದು ಸಿಕ್ಕಿತು. ರಾಸಾಯನಿಕ ಹಾಕಿ, ಪೆಪ್ಟೈಡು ಬಿಟ್ಟು, ಪರದೆ ನೋಡಿದಳು. ಈ ಸಲ ಪ್ರವಾಹ ಹೆಚ್ಚಲಿಲ್ಲ, ತಗ್ಗಿತು. ಅಂದರೆ ಒಂದೇ ಕೋಶದಲ್ಲಿ ಹತ್ತಿಕ್ಕುವ ಗ್ರಾಹಕವೂ ಇತ್ತು, ಎತ್ತಿಕಟ್ಟುವುದೂ ಇತ್ತು. ಯಾವುದರ ಕೈ ಮೇಲಾದರೆ ಅದರ ಆಟ. ಆ ಪೆಪ್ಟೈಡನ್ನೇ ಔಷಧಿಯೆಂದು ಕೊಟ್ಟರೆ ಕೆಲವರ ನೋವು ಇಳಿಯದೆ ಏರಲೂಬಹುದು! ಅಮ್ಮನ ಕಾಲು ನೆನಪಾಗಿ ಅವಳು ಪೆಪ್ಟೈಡು ತೊಳೆದು ಮತ್ತೊಮ್ಮೆ ಅದನ್ನೇ ಪರೀಕ್ಷಿಸಿದಳು.

ವಿಭಾಗದ ಸಭೆಯಲ್ಲಿ ಆ ಗೆರೆಗಳನ್ನೆಲ್ಲ ಪರದೆಗೆ ಹಾಕಿದಳು. ಮುಖ್ಯಸ್ಥರು ಕೊನೆಯ ಗೆರೆಯವರೆಗೂ ನೋಡಿ, "ಚೆನ್ನಾಗಿದೆ," ಎಂದರು. ಆಮೇಲೆ ತಮ್ಮ ಕೋಣೆಗೆ ಕರೆಸಿದರು. "ನಿನ್ನ ಹಳೇ ಜಾಗ ವಾಪಸ್ ಕೊಡ್ತೀನಿ. ಇದನ್ನ ನಮ್ಮ ಲೇಖನಕ್ಕೆ ಪೂರಕ ಅಂತ ಬರಿ."

"ಪೂರಕ ಅಲ್ಲ ಸರ್, ವಿರುದ್ಧ. ಹಾಗಂತಲೇ ಬರೀತೀನಿ. ನೀವು ಬಿಟ್ಟ ಕೋಶಗಳನ್ನೂ ಸೇರಿಸಿ ಬರೀತೀನಿ."

"ಜಾಗ ಬೇಡವಾ?"

"ಬೇಕು. ಆದ್ರೆ ಈ ಬೆಲೆಗೆ ಬೇಡ."

ಲೇಖನ ಒಂದು ಸಣ್ಣ ಪತ್ರಿಕೆಯಲ್ಲಿ ಅವಳ ಮತ್ತು ಗೆಳತಿಯ ಹೆಸರಿನಲ್ಲಿ ಬಂತು. ಮುಖ್ಯಸ್ಥರು ನಿವೃತ್ತಿಯಾಗುವವರೆಗೂ ಅವಳೊಡನೆ ಮಾತಾಡಲಿಲ್ಲ. ಅವಳು ಮಾತ್ರ ದಿನವೂ ಎದುರಾದಾಗ ತಲೆಯೆತ್ತಿ ನಮಸ್ಕಾರ ಹೇಳಿ ಪಾಠದ ಕೋಣೆಗೆ ನಡೆಯುತ್ತಿದ್ದಳು.