ದ್ವೀಪಕ್ಕೆ ಹೊರಟ ಫರಸಿ ಚೂರು

ಅಂಗಳಕ್ಕೆ ಹಾಸಿದ ಫರಸಿ ಕಲ್ಲಿಗೆ ನೀರು ಹೊಯ್ದು ತಿಕ್ಕುತ್ತಿದ್ದಾಗ ಮಗಳ ಫೋನು ಬಂತು. ಲಕ್ಷದ್ವೀಪದ ಶಾಲೆಗೆ ಹೊಸದಾಗಿ ಟೀಚರಾಗಿ ಹೋದವಳು, ಹಿಂದಿನ ವಾರವಷ್ಟೇ "ಇಲ್ಲಿ ನನಗ ಆಗಂಗಿಲ್ಲ, ಬಂದುಬಿಡ್ತೀನಿ" ಎಂದು ಅತ್ತಿದ್ದಳು. ಕಷ್ಟಪಟ್ಟು ಸಿಕ್ಕ ನೌಕರಿ ಬಿಟ್ಟೇಬಿಟ್ಟಳೇನೋ ಎಂದು ಮನಸ್ಸಿನಲ್ಲೇ ರಾಯರನ್ನು ನೆನೆದೆ.

"ಅವ್ವಾ, ನಮ್ಮ ಅಂಗಳದ ಫರಸಿದು ಒಂದು ಚೂರು ಕಳಸ್ತೀಯೇನು?"

"ಕಲ್ಲು ಯಾಕ? ಯಾರ ತಲಿಮ್ಯಾಲ ಹಾಕ್ತಿ?"

ಅವಳು ನಕ್ಕಳು. "ಇಲ್ಲಿ ಬರೇ ಉಸುಕು, ಹವಳ. ಒಂದು ಗುಡ್ಡ ಇಲ್ಲ. ನಮ್ಮ ಕಡಿ ನೆಲ ಅಗದ್ರ ಪದರ ಪದರ ಕಲ್ಲು ಬರ್ತದ, ಅದನ್ನೇ ಮನಿಗೆ ಹಾಸ್ತೀವಿ ಅಂದ್ರ ಹುಡುಗ್ರು ನಂಬಲೊಲ್ಲರು. ಟೀಚರ್ ಸುಳ್ಳು ಹೇಳ್ಲಿಕತ್ತಾರ ಅಂತಾರ."

ಮನೆಗೆ ಬರುವ ಮಾತನ್ನು ಅವಳು ಎತ್ತಲೇ ಇಲ್ಲ.

ಬಚ್ಚಲ ಹತ್ತಿರ ಒಡೆದಿದ್ದ ಚೂರೊಂದನ್ನು ತೊಳೆದು ತಿರುಗಿಸಿ ನೋಡಿದೆ. ದಿನಾ ತುಳಿಯುವ ಕಲ್ಲಿನ ಅಂಚಿನಲ್ಲಿ ಅಷ್ಟೊಂದು ಪದರಗಳಿರುವುದನ್ನು ನಾನೂ ನೋಡಿರಲಿಲ್ಲ. ಮಗಳು ಅಲ್ಲಿ ನಿಂತಳಲ್ಲ, ದೇವರ ದಯೆ ಇಷ್ಟು ಸಾಕು. ಚೂರನ್ನು ದೇವರ ಮನೆಯ ಹೊಸ್ತಿಲ ಬಳಿ ಒಣಗಲು ಇಟ್ಟು, ರೊಟ್ಟಿಗೆ ಎಸರಿಡಲು ಒಳಗೆ ಹೋದೆ.