ಉಳುಕು ತೆಗೆಯುವ ಕಾಲು

ಎದುರು ಮನೆಯ ಅತ್ತೆಯ ಬಲಗಾಲಿನ ಹರಡು ಎಡಗಾಲಿನದಕ್ಕಿಂತ ದಪ್ಪಗಿತ್ತು. ಆ ಪಾದದ ಕೀಲಿನ ಸುತ್ತ ಸದಾ ಹಳೆಯ ಸೀರೆಯ ಅಂಚೊಂದನ್ನು ಬಿಗಿದು ಕಟ್ಟಿರುತ್ತಿದ್ದರು. ಅಣೆಕಟ್ಟಿನ ಹಿನ್ನೀರು ನನ್ನ ತವರು ಅನಗವಾಡಿಯ ಹೊಲದ ತನಕ ಬಂದ ವರ್ಷ ನಾನು ರಬಕವಿಗೆ ಸೊಸೆಯಾಗಿ ಬಂದೆ. ಆ ಕಟ್ಟು ನೋಡಿ ಏನೋ ಹರಕೆಯಿರಬೇಕು ಅಂದುಕೊಂಡಿದ್ದೆ.

ಅತ್ತೆ ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಪಾದ ತಾಗಿದರೆ ಹಿಡಿದ ಸೊಂಟ ಬಿಡುತ್ತದೆ, ಉಳುಕು ಹೋಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಬೆಳಗಾದರೆ ಯಾರಾದರೂ ಅವರ ಕಟ್ಟೆಯ ಮುಂದೆ ಬೆನ್ನು ತಿರುಗಿಸಿ ಬಗ್ಗಿ ನಿಂತಿರುತ್ತಿದ್ದರು. ಅತ್ತೆ ಬಲಗಾಲೆತ್ತಿ ಮೆಲ್ಲಗೆ ಮುಟ್ಟಿಸುತ್ತಿದ್ದರು. ಶಾಲೆಯ ಮಾಸ್ತರರೂ ಬರುತ್ತಿದ್ದರು, ಪೊಲೀಸರೂ ಬರುತ್ತಿದ್ದರು.

"ಒದಿಬೇಕು ಅನಸೋ ಮಂದಿ ತಾವಽ ಬಂದು ಒದಿಸ್ಕೊಂಡು ಹೋಗತಾರ ನೋಡವಾ," ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದರು.

ಆದರೆ ಉಳುಕಿದ್ದು ಆ ಕಾಲೇ. ಹೊಳೆಯಲ್ಲಿ ನೂಲು ತೊಳೆಯುವಾಗ ಕಲ್ಲು ಜಾರಿ ಮೊದಲ ಸಲ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯುವಾಗ ಮತ್ತೊಂದು ಸಲ, ಆಮೇಲಾಮೇಲೆ ಸಮನೆಲದ ಮೇಲೆ ನಡೆದರೂ ಹೊರಳುತ್ತಿತ್ತು. ಪ್ರತಿ ಸಲವೂ ಅಂಚು ಬಿಗಿದುಕೊಂಡು ಮತ್ತೆ ನೇಯಲು ಕೂರುವುದು. ಕೊನೆಗೆ ಹರಡು ಇದ್ದಕ್ಕಿದ್ದಂತೆ ಅಲ್ಲಾಡದ ಹಾಗೆ ಹಿಡಿದುಕೊಳ್ಳತೊಡಗಿತು. ಸುತ್ತಲಿನ ಪವರ್‌ಲೂಮುಗಳ ಗದ್ದಲದ ನಡುವೆಯೂ ಅವರ ಕೈಮಗ್ಗ ನಿಂತದ್ದು ನನಗೆ ತಿಳಿಯುತ್ತಿತ್ತು. ಓಡಿಹೋದರೆ, ತುಳಿಯುವ ಹಲಗೆಯ ಮೇಲೆ ಪಾದ ಸೆಟೆದು ನಿಂತಿರುತ್ತಿತ್ತು. ಅತ್ತೆ ಹಲ್ಲು ಕಚ್ಚಿ ಕೂತಿರುತ್ತಿದ್ದರು.

"ದವಾಖಾನಿಗೆ ನಡೀರಿ ಅತ್ತೀ."

"ಉಳುಕು ತೆಗಿಯೋ ಕಾಲಿಗೇ ಉಳುಕು ಅಂದ್ರ ಓಣ್ಯಾಗ ಮಾರಿ ಹ್ಯಾಂಗ ತೋರಸಲಿ?"

ಒಂದು ದಿನ ಸೀರೆ ವ್ಯಾಪಾರಿಯೊಬ್ಬರು ಸೊಂಟ ಹಿಡಿದುಕೊಂಡು ಬಂದರು. ಭಾರಿ ಆಳು. ಅತ್ತೆ ಕಾಲೆತ್ತಿ ಅವರ ಬೆನ್ನಿಗೆ ಇಟ್ಟರು, ಅಷ್ಟೇ, ಹರಡು ಹಿಡಿದುಕೊಂಡಿತು. ಕಾಲು ನೆಲಕ್ಕೂರಿದರೆ ಜೀವ ಹೋಗುವ ನೋವು. ಬಾಗಿಲ ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಒಂಟಿಗಾಲಲ್ಲಿ ನಿಂತರು.

"ಆತೇನ್ರೀ ಅಕ್ಕಾರ?"

"ತಡೀರಿ, ಇನ್ನೂ ಆಗಿಲ್ಲ."

ಕಡೆಗೆ ಕಟಕ್ಕೆಂದು ಹರಡು ಬಿಟ್ಟಿತು. ವ್ಯಾಪಾರಿ ಸಟ್ಟನೆ ನೆಟ್ಟಗಾದರು. "ನನ್ನ ಸೊಂಟ ಹೆಂಗ ಕಟಕ್ ಅಂತು ಕೇಳಿದ್ರಿಲ್ಲೋ! ಇವತ್ತಿಂದು ಭಾರಿ ಮಂತ್ರ!" ಎಂದು ಕೈಮುಗಿದು ಹೋದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಅತ್ತೆ ಹೊಸ್ತಿಲ ಮೇಲೆ ಕುಸಿದು ಅಳುತ್ತಿದ್ದರು. ನನ್ನ ನಗು ಅಲ್ಲೇ ಇಂಗಿತು.

"ಮಗ್ಗ ಬಿಟ್ಟು ನಾ ಬದುಕೂದಿಲ್ಲವಾ. ನಡಿ, ಮಿರಜಿನ ದವಾಖಾನಿಗೆ ಹೋಗೂನು. ಆದ್ರ ನಿನ್ನ ಕಿವಿ ತೋರಸಾಕ ಹೊಂಟೇವಿ ಅನ್ನೂನು."

ನನ್ನ ಕಿವಿಯ ಮೇಲೆ ಅಪವಾದ ಹೊರಿಸಿ ಬಸ್ಸು ಹತ್ತಿದೆವು. ಡಾಕ್ಟರು ಎಕ್ಸ್‌ರೇ ನೋಡಿ ಬಿಡಿಸಿ ಹೇಳಿದರು. ಮೇಲಿಂದ ಮೇಲೆ ಉಳುಕಿ ಕೀಲು ಸಡಿಲವಾಗಿದೆ, ಎಲುಬಿನ ಚೂರೊಂದು ಕಿತ್ತು ಒಳಗೆ ಓಡಾಡುತ್ತಿದೆ, ಅದು ಸಿಕ್ಕಿಕೊಂಡಾಗ ಹರಡು ಹಿಡಿಯುತ್ತದೆ, ಸಣ್ಣ ತೂತು ಮಾಡಿ ತೆಗೆಯಬಹುದು. ಅತ್ತೆಗೆ ಒಂದೇ ಚಿಂತೆ: "ಕಾಲಿನ ಗುಣಾ ಎಲ್ಲಾ ಆ ಚೂರಿನಾಗಽ ಇದ್ರ ಹ್ಯಾಂಗ್ರೀ?"

"ಗುಣಾ ಕಾಲಾಗೈತಿ ಅವ್ವಾ. ಚೂರಿನಾಗ ಇರೂದು ಬರೇ ನೋವು," ಅಂದರು ಡಾಕ್ಟರು.

ಚೂರು ತೆಗೆಸಿ ಬ್ಯಾಂಡೇಜು ಸುತ್ತಿದ ಕಾಲನ್ನು ಎಲ್ಲಿ ಬಚ್ಚಿಡುವುದು? ತಿರುಗಿ ಬಂದಾಗ ಓಣಿಗೆ ಓಣಿಯೇ ನೆರೆಯಿತು. ಅತ್ತೆ ನನ್ನ ಹೆಗಲು ಹಿಡಿದು ಕಟ್ಟೆಯ ಮುಂದೆ ನಿಂತರು. "ಹುಡುಗಿ ಕಿವಿ ಛಲೋ ಐತಿ. ಉಳುಕಿದ್ದು ನನ್ನ ಕಾಲು, ಒಳಗಿಂದ ಎಲುಬಿನ ಚೂರು ತಗಿಸ್ಕೊಂಡು ಬಂದೇನಿ. ನಗೂದಿದ್ರ ಈಗಽ ನಕ್ಕುಬಿಡ್ರಿ."

ಯಾರೂ ನಗಲಿಲ್ಲ. ಆ ಸೀರೆ ವ್ಯಾಪಾರಿಯೇ ಮುಂದೆ ಬಂದು, "ನಮ್ಮೆಲ್ಲಾರ ಉಳುಕು ಆ ಕಾಲು ತಗೊಂಡೈತಿ ಅಕ್ಕಾರ. ಅದಽ ಗಟ್ಟಿಯಾಗಿ ಚೂರಾಗಿತ್ತು," ಅಂದರು. ಓಣಿ ಹೌದು ಹೌದು ಅಂದಿತು. ಅತ್ತೆಯ ಮುಖ ಆಗ ನೋಡಬೇಕಿತ್ತು!

ಡಾಕ್ಟರು ಹೇಳಿದ ವ್ಯಾಯಾಮವನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ. ಬಾಗಿಲಲ್ಲಿ ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ನಿಂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಮುಂದೊಂದು ಮುಂಜಾನೆ ಎದುರು ಮನೆಯ ಮಗ್ಗ ಶುರುವಾಯಿತು. ನಾನು ಒಲೆಯ ಮೇಲಿನ ಚಹಾ ಮರೆತು ಕೇಳುತ್ತ ನಿಂತೆ. ಮಗ್ಗ ನಿಲ್ಲಲಿಲ್ಲ. ಚಹಾ ಉಕ್ಕಿ ಒಲೆಯೆಲ್ಲ ಹಾಳಾಯಿತು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಆಮೇಲೂ ಜನ ಬರುತ್ತಿದ್ದರು, ಅತ್ತೆ ಮುಟ್ಟಿಸುತ್ತಿದ್ದರು. ಹರಡು ಉಳುಕಿದವರಿಗೆ ಮಾತ್ರ ಹೆಚ್ಚಿನದೊಂದು ಬೈಗುಳ: "ಮುಟ್ಟಸತೀನಿ, ಆದ್ರ ವಾಸಿ ಆಗೂತನಾ ಸುಮ್ಮ ಕುಂದರಬೇಕು. ನನ್ನಂಗ ಮಾಡಬ್ಯಾಡ್ರಿ!" ನಾನು ಮೆಟ್ಟಿಲು ತಪ್ಪಿ ಬಿದ್ದಾಗ ನನ್ನನ್ನು ಮಂಚದಿಂದ ಇಳಿಯಗೊಡದೆ ನಮ್ಮ ಮನೆಯ ರೊಟ್ಟಿಯನ್ನೂ ಅವರೇ ಬಡಿದರು. ಇವತ್ತು ನಾನು ನೆಟ್ಟಗೆ ನಡೆಯುತ್ತಿರುವುದು ಅವರ ಋಣ.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಹೋದದ್ದು ಮಗ್ಗಕ್ಕೆ ಹೂಡಿದ್ದ ಹಾಸುನೂಲಿನ ಕೊನೆಯ ಸೀರೆ ನೇಯ್ದು ಮುಗಿಸಿದ ಮಾರನೆಯ ದಿನ. ಎಲ್ಲರೂ ಬಗ್ಗಿ ಪಾದಕ್ಕೆ ಹಣೆ ಹಚ್ಚುತ್ತಿದ್ದರು. ಮುಪ್ಪಿನಿಂದ ಬಾಗಿದ ಆ ವ್ಯಾಪಾರಿಯೂ ಬಂದರು. ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಮೆಲ್ಲಗೆ ಹೊರಳಿ, ನೆಲಕ್ಕೆ ಕೂತು, ತಮ್ಮ ಬೆನ್ನನ್ನು ಅವರ ಬಲಗಾಲಿಗೆ ತಾಗಿಸಿದರು.

"ಆತ್ರೀ ಅಕ್ಕಾರ," ಅಂದರು. ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು.